ನೆರೆಮನೆಯ ಹಕ್ಕು

ಯುಗಾದಿ ಕೂಟದ ದಿನ ಊಟ ಮುಗಿದ ಮೇಲೆ ಸಭಾಂಗಣದ ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾ ನಿಂತಿದ್ದೆವು. ನಮ್ಮ ಕೂಟಗಳ ನಿಜವಾದ ಚರ್ಚೆಗಳು ನಡೆಯುವುದು ವೇದಿಕೆಯ ಮೇಲಲ್ಲ, ಅಲ್ಲೇ, ಎಂಬುದು ಸದಸ್ಯರಿಗೆಲ್ಲ ತಿಳಿದ ಸಂಗತಿ. ಒರೆಸುವ ಬಟ್ಟೆ ಹಿಡಿದು ನಮ್ಮ ಪಕ್ಕ ನಿಂತಿದ್ದವರು ಹೊಸಬರೊಬ್ಬರು, 2024ರ ಬೇಸಿಗೆಯಲ್ಲಿ ವೃದ್ಧರ ಆರೈಕೆಯ ಕೆಲಸಕ್ಕೆಂದು ಬ್ರಿಟನ್ನಿಗೆ ಬಂದ ತರುಣಿ. ಗಂಡ, ನಾಲ್ಕು ವರ್ಷದ ಮಗಳು ಊರಿನಲ್ಲೇ ಇದ್ದಾರೆ. ಆ ವರ್ಷ ಮಾರ್ಚ್ 11ರಂದು ಜಾರಿಗೆ ಬಂದ ನಿಯಮದಂತೆ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಆರೈಕೆ ಕೆಲಸಕ್ಕೆ ಹೊಸದಾಗಿ ಬಂದವರು ಗಂಡನನ್ನಾಗಲಿ ಹೆಂಡತಿಯನ್ನಾಗಲಿ ಮಕ್ಕಳನ್ನಾಗಲಿ ಕರೆಸಿಕೊಳ್ಳುವಂತಿರಲಿಲ್ಲ.

"ಮುಂಚೆ ಯೂರೋಪಿನವರಿಗೆ ಹೀಗಿರಲಿಲ್ಲವಂತೆ, ಸಂಸಾರ ಸಮೇತ ಬಂದು ಇರುತ್ತಿದ್ದರಂತೆ, ನಿಜವಾ?" ಎಂದು ಆಕೆ ಕೇಳಿದರು. ನಿಜ ಎಂದೆವು. ಪಕ್ಕದಲ್ಲಿದ್ದ ಹಿರಿಯರೊಬ್ಬರು, "ಆ ಕಾಲ ಹೋಯಿತಮ್ಮ. ಈಗ ಅವರಿಗೂ ನಮಗೂ ಒಂದೇ ಕಾನೂನು" ಎಂದರು, ಸ್ವಲ್ಪ ತೃಪ್ತಿಯಿಂದಲೇ. ಆಕೆ ತಟ್ಟೆ ಒರೆಸುವುದನ್ನು ನಿಲ್ಲಿಸಲಿಲ್ಲ. "ಅದರಿಂದ ನನಗೇನು ಬಂತು ಅಂಕಲ್?" ಎಂದರು.

ಅಡಿಗೆಮನೆಯಲ್ಲಿ ಯಾರೂ ಉತ್ತರ ಹೇಳಲಿಲ್ಲ. ನಾವೂ ಹೇಳಲಿಲ್ಲ. ಮನೆಗೆ ಬಂದ ಮೇಲೆ ನಾವಿಬ್ಬರೂ, ಗಂಡ ಹೆಂಡತಿ, ಅದನ್ನೇ ಮಾತಾಡಿಕೊಂಡೆವು. ಸಂಪಾದಕರು ಏನಾದರೂ ಬರೆಯಿರಿ ಎಂದು ಬಹಳ ದಿನದಿಂದ ಕೇಳುತ್ತಿದ್ದರು. ಇದನ್ನೇ ಬರೆಯೋಣ ಎನಿಸಿತು.

ಹೊಸಬರಿಗಾಗಿ ಹಳೆಯ ಕಥೆಯನ್ನು ಸ್ವಲ್ಪ ಹೇಳಬೇಕು. 1957ರಲ್ಲಿ ರೋಮ್ ನಗರದಲ್ಲಿ ಆರು ದೇಶಗಳು ಸಹಿ ಹಾಕಿದ ಒಪ್ಪಂದದಲ್ಲಿ, ಒಂದು ದೇಶದ ಕಾರ್ಮಿಕ ಇನ್ನೊಂದು ದೇಶಕ್ಕೆ ಹೋಗಿ ದುಡಿಯಬಹುದು ಎಂಬ ಮಾತಿತ್ತು. ಸರಕು ಗಡಿ ದಾಟುವಂತೆ ಆಳೂ ದಾಟಲಿ ಎಂಬಷ್ಟೇ ವ್ಯಾಪಾರಸ್ಥರ ಲೆಕ್ಕ ಅದು ಎಂದು ಹೇಳುವವರಿದ್ದಾರೆ. ಇರಬಹುದು. ಆದರೆ 1968ರಲ್ಲಿ ಅದನ್ನು ಜಾರಿಗೆ ತರುವ ಕಟ್ಟಳೆಯನ್ನು ಬರೆಯಲು ಕುಳಿತಾಗ ಆ ಆರು ದೇಶಗಳವರು ಒಂದು ಸೂಕ್ಷ್ಮವನ್ನು ಕಂಡುಕೊಂಡರು. ದುಡಿಯಲು ಬರುವವನು ಬರೀ ಎರಡು ಕೈಯಲ್ಲ. ಅವನ ಹಿಂದೆ ಒಂದು ಮನೆ ಇರುತ್ತದೆ. ಆ ಮನೆಯನ್ನು ಬಿಟ್ಟು ಬಾ ಎಂದರೆ ಅವನಿಗೆ ಕೊಟ್ಟ ಸ್ವಾತಂತ್ರ್ಯ ಅರ್ಧ ಸ್ವಾತಂತ್ರ್ಯ, ಘನತೆಯೂ ಅರ್ಧವೇ. ಆದ್ದರಿಂದ ಹೆಂಡತಿ ಅಥವಾ ಗಂಡ, 21 ವರ್ಷದೊಳಗಿನ ಮಕ್ಕಳು, ಅದಕ್ಕೂ ದೊಡ್ಡವರಾಗಿ ಆಸರೆಯಲ್ಲಿರುವ ಮಕ್ಕಳು, ಇಬ್ಬರ ಕಡೆಯ ಆಸರೆಯಲ್ಲಿರುವ ತಂದೆ ತಾಯಿ, ಇಷ್ಟು ಜನ ಜೊತೆಗಿರಬಹುದು ಎಂದು ಬರೆದರು. "ಇಬ್ಬರ ಕಡೆಯ" ಎಂಬುದನ್ನು ದಯವಿಟ್ಟು ಗಮನಿಸಿ. ಅತ್ತೆ ಮಾವಂದಿರನ್ನು ಸೇರಿಸಿದ ವಲಸೆ ಕಾನೂನು ಜಗತ್ತಿನಲ್ಲಿ ಹೆಚ್ಚಿಲ್ಲ. ಇನ್ನೂ ಮುಖ್ಯವಾದದ್ದು, ಈ ಬಂಧುಗಳು ಯಾವ ದೇಶದ ಪ್ರಜೆಗಳಾದರೂ ಆಗಬಹುದಿತ್ತು. 2004ರ ನಿರ್ದೇಶನದಲ್ಲಿ ಇದೆಲ್ಲ ಇನ್ನಷ್ಟು ವಿಸ್ತಾರವಾಯಿತು: ಮೊದಲ ಮೂರು ತಿಂಗಳು ಯಾರೂ ಏನೂ ಕೇಳುವಂತಿಲ್ಲ; ಆಮೇಲೆ ಕೆಲಸವೋ ಓದೋ ಸ್ವಂತ ಗಳಿಕೆಯೋ ಇರಬೇಕು; ಐದು ವರ್ಷವಾದರೆ ಖಾಯಂ. ಬಂಧುಗಳ ವೀಸಾಕ್ಕೆ ಶುಲ್ಕವಿಲ್ಲ. ಬಂದ ಬಂಧು ಯಾವ ದೇಶದವರಾದರೂ ಕೆಲಸ ಮಾಡಬಹುದು.

ವಕೀಲ ಮಿತ್ರರೊಬ್ಬರು ನಮಗೆ ತಿಳಿಸಿಕೊಟ್ಟ ಒಂದು ವ್ಯತ್ಯಾಸ ಎಲ್ಲಕ್ಕಿಂತ ಹೆಚ್ಚಾಗಿ ಮನಸ್ಸಿನಲ್ಲಿ ಉಳಿದಿದೆ. ನಮ್ಮ ಪಾಸ್‌ಪೋರ್ಟಿನ ಮೇಲೆ ಬೀಳುತ್ತಿದ್ದ ಮುದ್ರೆ ಹಕ್ಕನ್ನು ಹುಟ್ಟಿಸುತ್ತಿತ್ತು. ಮುದ್ರೆ ಬೀಳುವ ಮುನ್ನ ನಾವು ಏನೂ ಅಲ್ಲ. ಬಿದ್ದ ಮೇಲೆ, ಅದರ ತಾರೀಖು ಮುಗಿಯುವ ತನಕ, ಏನೋ ಒಂದು. ಯೂರೋಪಿನವರ ಕುಟುಂಬಕ್ಕೆ ಕೊಡುತ್ತಿದ್ದ ಕಾರ್ಡು ಹಾಗಲ್ಲ. ಹಕ್ಕು ಮೊದಲೇ ಇದೆ, ಕಾರ್ಡು ಅದಕ್ಕೆ ಸಾಕ್ಷಿ ಮಾತ್ರ. ಕಾರ್ಡು ಕಳೆದರೆ ಹಕ್ಕು ಕಳೆಯುವುದಿಲ್ಲ. ನಮ್ಮದು ಅಪ್ಪಣೆ, ಅವರದು ಹಕ್ಕು. ಕೌಂಟರಿನ ಮುಂದೆ ನಿಂತಾಗ ನಮ್ಮ ಬೆನ್ನು ತಾನಾಗಿಯೇ ಸ್ವಲ್ಪ ಬಾಗುವುದಕ್ಕೂ, ಅವರ ಬೆನ್ನು ನೆಟ್ಟಗಿರುತ್ತಿದ್ದುದಕ್ಕೂ ಇದೇ ಕಾರಣವೇನೋ.

ನಮಗೆ ಇದನ್ನು ಕಂಡು ಹೊಟ್ಟೆ ಉರಿಯುತ್ತಿತ್ತು. ಉರಿಗೆ ಕಾರಣವೂ ಇತ್ತು. ಬ್ರಿಟನ್ ಆ ಕೂಟವನ್ನು ಸೇರಿದ್ದು 1973ರ ಜನವರಿ 1ರಂದು. ನಮ್ಮಂಥ ಕಾಮನ್‌ವೆಲ್ತ್ ದೇಶಗಳವರಿಗೆ ಬಾಗಿಲನ್ನು ಬಿಗಿಗೊಳಿಸಿದ 1971ರ ವಲಸೆ ಶಾಸನ ಜಾರಿಗೆ ಬಂದದ್ದು ಯಾವಾಗ ಎಂದುಕೊಂಡಿರಿ? ಅದೂ 1973ರ ಜನವರಿ 1ರಂದೇ. ಒಂದೇ ಬೆಳಿಗ್ಗೆ ಇಟಲಿಯವನಿಗೆ ಮುಂಬಾಗಿಲು ತೆರೆಯಿತು, ಎರಡು ಯುದ್ಧಗಳಲ್ಲಿ ಬ್ರಿಟನ್ನಿಗಾಗಿ ಸೈನಿಕರನ್ನು ಕಳಿಸಿದ ದೇಶದವನಿಗೆ ಹಿಂಬಾಗಿಲೂ ಕಿರಿದಾಯಿತು. 1962ರ ತನಕ ಭಾರತದವರು ಇಲ್ಲಿಗೆ ನಿರ್ಬಂಧವಿಲ್ಲದೆ ಬರಬಹುದಿತ್ತು ಎಂದರೆ ನಮ್ಮ ಮಕ್ಕಳು ನಂಬುವುದಿಲ್ಲ.

ಆಮೇಲಿನದನ್ನು ಹಿರಿಯ ಸದಸ್ಯರು ನಮಗಿಂತ ಚೆನ್ನಾಗಿ ಬಲ್ಲರು. 1979ರಲ್ಲಿ ಹೀಥ್ರೋದಲ್ಲಿ ಮದುವೆಗೆಂದು ಬಂದಿಳಿದ ಭಾರತೀಯ ಹೆಣ್ಣುಮಗಳೊಬ್ಬಳಿಗೆ ಮಾಡಿದ ಪರೀಕ್ಷೆಯ ಸುದ್ದಿ ಪತ್ರಿಕೆಗಳಲ್ಲಿ ಬಂತು. ಮಕ್ಕಳೂ ಓದುವ ಈ ಪುಟದಲ್ಲಿ ಅದರ ವಿವರ ಬೇಡ. 1980ರ ದಶಕದಲ್ಲಿ "ಮುಖ್ಯ ಉದ್ದೇಶ" ಎಂಬ ನಿಯಮವಿತ್ತು. ನೀನು ಮದುವೆಯಾದದ್ದರ ಮುಖ್ಯ ಉದ್ದೇಶ ಈ ದೇಶಕ್ಕೆ ಬರುವುದಲ್ಲ ಎಂದು ನೀನೇ ಸಾಬೀತು ಮಾಡಬೇಕು. ಹುಡುಗಿಯನ್ನು ಒಂದು ಸಲ ನೋಡಿ, ಉಪ್ಪಿಟ್ಟು ಕೇಸರಿಬಾತು ತಿಂದು, ಜಾತಕ ಕೂಡಿತು ಎಂದು ಒಪ್ಪಿಕೊಂಡ ವರ ಮಹಾಶಯ ಇದನ್ನು ಸಾಬೀತು ಮಾಡುವುದು ಹೇಗೆ? 1997ರ ಜೂನಿನಲ್ಲಿ ಆ ನಿಯಮ ರದ್ದಾಯಿತು. ಅಷ್ಟು ವರ್ಷವೂ ಫ್ರಾನ್ಸಿನವನೊಬ್ಬ ಇಲ್ಲಿ ಕೆಲಸಕ್ಕೆ ಸೇರಿ ಹೆಂಡತಿಯನ್ನು ಕರೆತಂದರೆ ಅವನ ಮದುವೆಯ ಮುಖ್ಯ ಉದ್ದೇಶವನ್ನು ಯಾರೂ ಆ ನಿಯಮ ಹಿಡಿದು ಕೇಳುತ್ತಿರಲಿಲ್ಲ.

ಇಲ್ಲಿ ನಮ್ಮವರೇ ಒಬ್ಬರ ಹೆಸರನ್ನು ನೆನೆಯಬೇಕು. ಸುರೀಂದರ್ ಸಿಂಗ್. ಭಾರತದ ಪ್ರಜೆ. 1982ರಲ್ಲಿ ಬ್ರಾಡ್‌ಫರ್ಡಿನಲ್ಲಿ ಬ್ರಿಟಿಷ್ ಪ್ರಜೆಯಾದ ಹೆಣ್ಣುಮಗಳನ್ನು ಮದುವೆಯಾದವರು. 1983ರಿಂದ 1985ರ ತನಕ ಇಬ್ಬರೂ ಜರ್ಮನಿಯಲ್ಲಿ ದುಡಿದರು. ಬ್ರಿಟನ್ನಿಗೆ ಮರಳಿ ವ್ಯಾಪಾರ ಶುರು ಮಾಡಿದರು. ಸಂಸಾರ ಕೆಟ್ಟಿತು, ವಿಚ್ಛೇದನದ ಅರ್ಜಿ ಬಿತ್ತು, ಕೂಡಲೇ ಅವರ ವಾಸದ ಅಪ್ಪಣೆಯೂ ಮೊಟಕಾಯಿತು, ಗಡೀಪಾರಿನ ಆದೇಶ ಬಂತು. ಪ್ರಕರಣ ಲಕ್ಸೆಂಬರ್ಗಿನ ನ್ಯಾಯಾಲಯದ ತನಕ ಹೋಗಿ 1992ರ ಜುಲೈ 7ರಂದು ತೀರ್ಪಾಯಿತು. ನ್ಯಾಯಾಧೀಶರ ತರ್ಕ ಸರಳ. ಬೇರೆ ದೇಶಕ್ಕೆ ಹೋಗಿ ದುಡಿಯುವ ಹಕ್ಕು ನಿಜವಾಗಬೇಕಾದರೆ, ಅಲ್ಲಿಂದ ತಾಯ್ನಾಡಿಗೆ ಮರಳುವಾಗ ಗಂಡನನ್ನು ಬಿಟ್ಟುಬರಬೇಕು ಎನ್ನುವಂತಿಲ್ಲ. ಹಾಗೆಂದರೆ ಯಾರು ತಾನೇ ಹೊರಡುತ್ತಾರೆ? ಆದ್ದರಿಂದ ಮರಳುವಾಗಲೂ ಯೂರೋಪಿನ ನಿಯಮವೇ ನಡೆಯಬೇಕು, ಬ್ರಿಟನ್ನಿನ ಬಿಗಿ ನಿಯಮವಲ್ಲ.

ಇದರ ಪರಿಣಾಮ ಸೋಜಿಗದ್ದು. ಬ್ರಾಡ್‌ಫರ್ಡಿನಲ್ಲಿ ಹುಟ್ಟಿ ಅಲ್ಲೇ ಕುಳಿತವಳಿಗೆ ತನ್ನ ಭಾರತೀಯ ಗಂಡನನ್ನು ಕರೆಸುವುದು ಕಷ್ಟ. ಅವಳೇ ಕಡಲು ದಾಟಿ ಡಬ್ಲಿನ್ನಿನಲ್ಲೋ ಬರ್ಲಿನ್ನಿನಲ್ಲೋ ನಿಜವಾಗಿ ನೆಲೆಸಿ, ಒಂದಷ್ಟು ಕಾಲ ದುಡಿದು, ಗಂಡನನ್ನು ಅಲ್ಲಿಗೆ ಕರೆಸಿಕೊಂಡು ಇಬ್ಬರೂ ಮರಳಿದರೆ ಸುಲಭ. 2012ರ ಜುಲೈಯಲ್ಲಿ ಸಂಗಾತಿಯನ್ನು ಕರೆಸುವವರಿಗೆ ವರ್ಷಕ್ಕೆ 18,600 ಪೌಂಡ್ ಆದಾಯ ಇರಲೇಬೇಕು ಎಂಬ ಮಿತಿ ಬಂದ ಮೇಲೆ ಎಷ್ಟೋ ಬ್ರಿಟಿಷರು, ಬಿಳಿಯರೂ ಸೇರಿ, ಈ ದಾರಿ ಹಿಡಿದರು. ಸಿಂಗ್ ಅವರ ಹೆಸರೇ ದಾರಿಯ ಹೆಸರಾಯಿತು. ಬ್ರಾಡ್‌ಫರ್ಡಿನಿಂದ ಬ್ರಾಡ್‌ಫರ್ಡಿಗೆ ಹೋಗಲು ಜರ್ಮನಿಯ ಮೇಲೆ ಸುತ್ತಿ ಬರಬೇಕಾದ ಈ ನ್ಯಾಯವನ್ನು ಕೇಳಿ ನಾವು ಮೊದಲು ನಕ್ಕೆವು. ಆಮೇಲೆ ಯೋಚನೆ ಹತ್ತಿತು. ಗಂಡ ಹೆಂಡತಿ ಒಟ್ಟಿಗಿರುವುದು ಒಳ್ಳೆಯದಾದರೆ ಗಡಿ ದಾಟದವರಿಗೂ ಅದು ಒಳ್ಳೆಯದೇ ಅಲ್ಲವೇ? ಯೂರೋಪಿನ ಕಾನೂನು ಸಂಸಾರವನ್ನು ಸಂಸಾರಕ್ಕಾಗಿ ಕಾಪಾಡಲಿಲ್ಲ, ಓಡಾಟಕ್ಕಾಗಿ ಕಾಪಾಡಿತು. ಬಂಧುವಿನ ಹಕ್ಕು ಬಂಧುವಿನದಲ್ಲ. ಯೂರೋಪಿನ ಪ್ರಜೆಯ ಹಕ್ಕಿಗೆ ನೇತುಹಾಕಿಕೊಂಡದ್ದು. ಮರ ಬಿದ್ದರೆ ಬಳ್ಳಿಯೂ ಬೀಳುತ್ತದೆ. ವಿಚ್ಛೇದನವಾದರೆ ಗತಿಯೇನು ಎಂಬುದಕ್ಕೆ 2004ರ ನಿರ್ದೇಶನದಲ್ಲಿ ಒಂದಿಷ್ಟು ಆಸರೆ ಇಟ್ಟರು: ಮದುವೆ ಮೂರು ವರ್ಷ ಉಳಿದು, ಅದರಲ್ಲಿ ಒಂದು ವರ್ಷ ಆ ದೇಶದಲ್ಲೇ ಕಳೆದಿದ್ದರೆ ಹಕ್ಕು ಪೂರ್ತಿ ಹೋಗುವುದಿಲ್ಲ. ಅಷ್ಟರ ಮಟ್ಟಿಗೆ ಬಳ್ಳಿಗೆ ತನ್ನದೇ ಬೇರು ಬಿಟ್ಟಿತು.

ಹುಟ್ಟಿನಿಂದ ಬರುವ ಹಕ್ಕಿನ ವಿಚಿತ್ರವನ್ನು ನೋಡಬೇಕೆಂದರೆ ದೂರ ಹೋಗಬೇಕಾಗಿಲ್ಲ, ನಮ್ಮ ಕಾರವಾರಕ್ಕೆ ಹೋದರೆ ಸಾಕು. ಈಚೆ ಮಾಜಾಳಿ, ಆಚೆ ಗೋವೆಯ ಪೋಳೆ. ಅದೇ ಕಡಲು, ಅದೇ ಮೀನು, ಮನೆಯಲ್ಲಿ ಅದೇ ಕೊಂಕಣಿ, ಆಚೀಚೆ ಹೆಣ್ಣು ಕೊಟ್ಟು ತಂದ ನೆಂಟಸ್ತಿಕೆ. ಆದರೆ 1961ರ ಡಿಸೆಂಬರ್ 19ಕ್ಕೆ ಮುನ್ನ ಆಚೆ ಹುಟ್ಟಿದವರನ್ನು, ಅವರ ಮಕ್ಕಳು ಮೊಮ್ಮಕ್ಕಳನ್ನೂ, ಪೋರ್ಚುಗಲ್ ತನ್ನ ಪ್ರಜೆಗಳೆಂದು ದಾಖಲಿಸಿಕೊಳ್ಳುತ್ತದೆ. ಪೋರ್ಚುಗಲ್ಲಿನ ಪಾಸ್‌ಪೋರ್ಟು ಎಂದರೆ ಆಗ ಬ್ರಿಟನ್ನಿನಲ್ಲಿ ವಾಸ, ಕೆಲಸ, ಸಂಸಾರ ಎಲ್ಲ. ಸ್ವಿಂಡನ್ನಿನಲ್ಲಿ, ಸೌತಾಲಿನಲ್ಲಿ ಗೋವೆಯವರ ದೊಡ್ಡ ಸಮುದಾಯ ಬೆಳೆದದ್ದು ಹೀಗೆ. ಈಚೆ ದಡದವನ ಅಜ್ಜನನ್ನು ಆಳಿದ್ದು ಇಂಗ್ಲಿಷರು. ಆ ಇಂಗ್ಲಿಷರ ದೇಶಕ್ಕೇ ಬರಲು ಅವನಿಗೆ ದಾರಿಯಿಲ್ಲ. ಪೋರ್ಚುಗೀಸರು ಆಳಿದವನ ಮೊಮ್ಮಗನಿಗೆ ಇಂಗ್ಲೆಂಡಿನ ದಾರಿ ಸಲೀಸು. ಇದರಲ್ಲಿ ಯಾರ ಯೋಗ್ಯತೆ ಎಷ್ಟು? ಅಜ್ಜಿ ಯಾವ ಊರಲ್ಲಿ ಹೆತ್ತಳು ಎಂಬುದಷ್ಟೇ.

ಈ ವಾದಕ್ಕೆ ಒಂದು ಉತ್ತರವಿದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಸಂಘದ ಮಿತ್ರರೊಬ್ಬರು ಹೇಳುತ್ತಾರೆ: ಅದು ಕೊಟ್ಟು ತೆಗೆದುಕೊಂಡ ಒಪ್ಪಂದ, ಪೋಲೆಂಡಿನವನು ಇಲ್ಲಿಗೆ ಬಂದರೆ, ಇಂಗ್ಲಿಷಿನವನು ಸ್ಪೇನಿನ ಕಡಲ ದಂಡೆಯಲ್ಲಿ ನಿವೃತ್ತಿಯ ಮನೆ ಕಟ್ಟಿದ. ಭಾರತ ಅಂಥ ಒಪ್ಪಂದವನ್ನು ಮಾಡಿಕೊಂಡಿಲ್ಲ, ಇಂಗ್ಲಿಷಿನವರಿಗೆ ಬೆಂಗಳೂರಿನಲ್ಲಿ ಬಂದು ನೆಲೆಸಿ ಎಂದು ಹೇಳಿಯೂ ಇಲ್ಲ. ಮತ್ತೆ ದೂರುವುದೇಕೆ? ಸರಿಯಾದ ಮಾತು. ರಾಷ್ಟ್ರ ರಾಷ್ಟ್ರಗಳ ನಡುವೆ, ಕೆಲಸದ ಮಟ್ಟಿಗೆ, ನಾವು ಇದನ್ನು ಒಪ್ಪುತ್ತೇವೆ. 1948ರ ವಿಶ್ವ ಮಾನವ ಹಕ್ಕುಗಳ ಘೋಷಣೆ ಕೂಡ ಯಾವ ದೇಶವನ್ನಾದರೂ ಬಿಟ್ಟು ಹೋಗುವ ಹಕ್ಕು ಕೊಟ್ಟಿದೆಯೇ ಹೊರತು ಇನ್ನೊಂದು ದೇಶವನ್ನು ಹೊಗುವ ಹಕ್ಕನ್ನು ಕೊಟ್ಟಿಲ್ಲ. ಹೊರಡಬಹುದು, ಸೇರುವಂತಿಲ್ಲ; ಆಕಾಶದಲ್ಲೇ ಇರಬೇಕೇನೋ. ಆದರೆ ಅದೇ ಘೋಷಣೆ ಕುಟುಂಬವನ್ನು ಸಮಾಜದ ಸಹಜವೂ ಮೂಲಭೂತವೂ ಆದ ಘಟಕ ಎನ್ನುತ್ತದೆ, ಅದಕ್ಕೆ ಸಮಾಜದ ಮತ್ತು ಸರಕಾರದ ರಕ್ಷಣೆ ಸಲ್ಲಬೇಕು ಎನ್ನುತ್ತದೆ. ದುಡಿಯಲು ಬರುವವನನ್ನು ಬೇಡ ಎನ್ನುವ ಅಧಿಕಾರ ಒಂದು ದೇಶಕ್ಕೆ ಇರಬಹುದು. ಬಾ ಎಂದು ಕರೆದು, ತೆರಿಗೆ ತೆಗೆದುಕೊಂಡು, ಮನೆಯವರನ್ನು ಮಾತ್ರ ಬೇಡ ಎನ್ನುವುದು ಬೇರೆಯೇ ಮಾತು. ಅಲ್ಲಿ ಒಪ್ಪಂದದ ತರ್ಕ ಕೆಲಸ ಮಾಡುವುದಿಲ್ಲ. ನಾಲ್ಕು ವರ್ಷದ ಮಗು ಯಾವ ಒಪ್ಪಂದಕ್ಕೂ ಸಹಿ ಹಾಕಿರುವುದಿಲ್ಲ.

ಈಗ ನಮ್ಮ ಮನೆಯ ವಿಷಯ. ಇದನ್ನು ಬಿಟ್ಟು ಮುಂದಿನದನ್ನು ಬರೆದರೆ ಪ್ರಾಮಾಣಿಕವಾಗುವುದಿಲ್ಲ.

ನಮ್ಮ ಅಮ್ಮ ಹಾಸನದ ಹತ್ತಿರದ ಊರಿನಲ್ಲಿ ಒಬ್ಬರೇ ಇದ್ದರು. ಹಳೆಯ ನಿಯಮದಂತೆ 65 ದಾಟಿದ ವಿಧವೆ ತಾಯಿ, ಮಕ್ಕಳ ಹಣದ ಮೇಲೇ ಬಾಳುತ್ತಿದ್ದು, ಹತ್ತಿರದ ಬೇರೆ ಬಂಧುಗಳ ಆಸರೆ ಇಲ್ಲದಿದ್ದರೆ, ಇಲ್ಲಿಗೆ ಬಂದು ನೆಲೆಸಲು ಅವಕಾಶವಿತ್ತು. ನಾವು ಮುಂದಿನ ವರ್ಷ ನೋಡೋಣ, ಮನೆ ಸ್ವಲ್ಪ ದೊಡ್ಡದಾಗಲಿ, ಎಂದುಕೊಂಡೆವು. ಅಮ್ಮನೂ ಹಸು ಮಾರಿ ಬರುತ್ತೇನೆ ಎನ್ನುತ್ತಲೇ ಇದ್ದರು. 2012ರ ಜುಲೈ 9ರಂದು ನಿಯಮ ಬದಲಾಯಿತು. ಸ್ನಾನ, ಊಟ, ಬಟ್ಟೆ ಇಂಥ ದಿನನಿತ್ಯದ ಕೆಲಸಗಳಿಗೂ ಇನ್ನೊಬ್ಬರ ನೆರವು ಬೇಕಾಗಿರಬೇಕು. ಅಂಥ ನೆರವು ಇಲ್ಲಿಂದ ಕಳಿಸುವ ಹಣದಿಂದಲೂ ಊರಿನಲ್ಲಿ ಸಿಗುವಂತಿರಬಾರದು. ನಾವು ಅರ್ಜಿ ಹಾಕುವ ಹೊತ್ತಿಗೆ ಈ ನಿಯಮ. ನಮ್ಮ ಸಂಬಳ ನೋಡಿದರು, ಇಷ್ಟು ಹಣದಲ್ಲಿ ಹಾಸನದಲ್ಲಿ ಆಳು ಇಡಬಹುದಲ್ಲ ಎಂದು ಬರೆದು ಅರ್ಜಿಯನ್ನು ತಿರಸ್ಕರಿಸಿದರು. ಗಳಿಕೆ ಕಡಿಮೆ ಇದ್ದಿದ್ದರೆ, ಸಾಕಲು ಸಾಲದು ಎಂದು ತಿರಸ್ಕರಿಸುತ್ತಿದ್ದರು. ಅಮ್ಮ 2015ರ ಫೆಬ್ರವರಿಯಲ್ಲಿ ತೀರಿಕೊಂಡರು. ನಾವು ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು.

ನಮ್ಮ ಪಕ್ಕದ ಮನೆಯಲ್ಲಿರುವುದು ಪೋಲೆಂಡಿನ ಸಂಸಾರ. ಆ ದೇಶ 2004ರ ಮೇ 1ರಂದು ಯೂರೋಪಿನ ಕೂಟವನ್ನು ಸೇರಿದ ಕೂಡಲೇ ಬ್ರಿಟನ್, ಐರ್ಲೆಂಡ್ ಮತ್ತು ಸ್ವೀಡನ್ ಅಲ್ಲಿನ ಕಾರ್ಮಿಕರಿಗೆ ಬಾಗಿಲು ತೆರೆದಿದ್ದವು. ಗಡಿಯ ಪಕ್ಕದ ಜರ್ಮನಿ 2011ರ ತನಕ ತಡೆಹಿಡಿದಿತ್ತು. ಆಕೆ ಬೇಕರಿಯಲ್ಲಿ ದುಡಿಯುತ್ತಾಳೆ. 2013ರಲ್ಲಿ, ನಮ್ಮ ಅರ್ಜಿ ತಿರಸ್ಕಾರವಾದ ವರ್ಷವೇ, ಅವಳ ತಾಯಿ ಒಂದು ಸೂಟ್‌ಕೇಸು, ಒಂದು ಜಾಡಿ ಉಪ್ಪಿನಕಾಯಿ ಸೌತೆ ಹಿಡಿದುಕೊಂಡು ಬಂದಿಳಿದರು. ಅರ್ಜಿಯಿಲ್ಲ, ಶುಲ್ಕವಿಲ್ಲ, ವೈದ್ಯರ ಪತ್ರವಿಲ್ಲ. ಆ ಜಾಡಿಯಲ್ಲಿ ಅರ್ಧ ನಮಗೇ ಕೊಟ್ಟರು. ತಿಂದೆವು. ಆ ಸಂಜೆ ಊಟ ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ನಾಟಕವಾಗುತ್ತದೆ; ಇಳಿಯಿತು. ಆದರೆ ಪಕ್ಕದ ಹಿತ್ತಲಲ್ಲಿ ಆ ಮುದುಕಿ ಬಟ್ಟೆ ಒಣಗಿಸುವುದನ್ನು ಕಂಡಾಗಲೆಲ್ಲ ಏನೋ ಕುಟುಕುತ್ತಿತ್ತು. ಇನ್ನೂ ಒಂದು ಲೆಕ್ಕ ಹಾಕಿ ನೋಡಿದ್ದುಂಟು: ನಮ್ಮ ಕಡೆಯ ಹುಡುಗನೊಬ್ಬ ಇಲ್ಲಿದ್ದ ಪೋಲೆಂಡಿನ ಹುಡುಗಿಯನ್ನು ಮದುವೆಯಾಗಿದ್ದರೆ, ಅವರ ಆಸರೆಯಲ್ಲಿದ್ದ ಅವನ ಹಾಸನದ ಅಮ್ಮನೂ ಬರಬಹುದಿತ್ತು, ಸೊಸೆಯ ಹಕ್ಕಿನಲ್ಲಿ. ಬ್ರಿಟನ್ನಿನ ಪ್ರಜೆಗಳಾದ ನಮ್ಮ ಹಕ್ಕಿನಲ್ಲಿ ಅದು ಆಗುತ್ತಿರಲಿಲ್ಲ.

2016ರ ಜೂನ್ 23ರಂದು ಜನಮತ. ಯಾರಿಗೆ ಓಟು ಎಂಬುದನ್ನು ನೆನಪಿಸಿಕೊಳ್ಳಿ. ಬ್ರಿಟನ್, ಐರ್ಲೆಂಡ್ ಮತ್ತು ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೆ. ವರ್ಷದ ಹಿಂದೆ ಬೆಂಗಳೂರಿನಿಂದ ಬಂದು ಇಲ್ಲಿ ನೆಲೆಸಿ ಹೆಸರು ನೋಂದಾಯಿಸಿಕೊಂಡ ಇಂಜಿನಿಯರು ಭಾರತದ ಪಾಸ್‌ಪೋರ್ಟಿನಲ್ಲೇ ಓಟು ಹಾಕಬಹುದಿತ್ತು. ಇಪ್ಪತ್ತು ವರ್ಷ ಇಲ್ಲಿ ದುಡಿದ ಜರ್ಮನಿಯ ದಾದಿ ಹಾಕುವಂತಿರಲಿಲ್ಲ. ಸಾಮ್ರಾಜ್ಯ ನಮಗೆ ಬಿಟ್ಟುಹೋದ ಆಸ್ತಿ ಕಡಿಮೆ, ಅದರಲ್ಲಿ ಇದೊಂದು. ನೆರೆಯವರ ಹಕ್ಕನ್ನು ಉಳಿಸುವ ಅಥವಾ ಕಳೆಯುವ ಕಾಗದ ನಮ್ಮ ಕೈಯಲ್ಲಿತ್ತು, ಅವರ ಕೈಯಲ್ಲಿರಲಿಲ್ಲ. ಆಗ ನಮ್ಮವರ ನಡುವೆ ಒಂದು ಮಾತು ಹರಿದಾಡಿತು: ಯೂರೋಪಿನವರಿಗೆ ಬಾಗಿಲು ಮುಚ್ಚಿದರೆ ನಮಗೆ ತೆರೆಯುತ್ತದೆ, ಅಡಿಗೆಯವರು ಬರಬಹುದು, ಎಲ್ಲರಿಗೂ ಒಂದೇ ನ್ಯಾಯ. ನಾವಿಬ್ಬರೂ ಹೊರಗೆ ಬರುವ ಕಡೆಗೆ ಗುರುತು ಹಾಕಿದೆವು. ಮೀನುಗಾರಿಕೆ, ಬ್ರಸೆಲ್ಸು, ಸಾರ್ವಭೌಮತ್ವ ಇವೆಲ್ಲ ನಮ್ಮ ತಲೆಯಲ್ಲಿರಲಿಲ್ಲ. ಆ ಹಿತ್ತಲಿನ ಬಟ್ಟೆ ಹಗ್ಗ ಇತ್ತು. ಬೇರೆ ಕಾರಣಗಳಿಂದ ಅದೇ ಕಡೆ ಓಟು ಹಾಕಿದ ಸದಸ್ಯರು ನಮ್ಮಲ್ಲಿ ಇದ್ದಾರೆ, ಅವರ ಕಾರಣಗಳು ಗೌರವದ್ದಾಗಿರಬಹುದು. ನಾವು ನಮ್ಮದನ್ನಷ್ಟೇ ಹೇಳುತ್ತಿದ್ದೇವೆ. ಹೊರಗೆ ಬರುವ ಪಕ್ಷಕ್ಕೆ ಬಿದ್ದದ್ದು ಶೇಕಡಾ 51.9.

ಮಗ ಸತ್ತರೂ ಸರಿ, ಸೊಸೆ ವಿಧವೆಯಾಗಬೇಕು ಎಂಬ ಗಾದೆಯನ್ನು ನಾವು ಬೇರೆಯವರಿಗೆ ಎಷ್ಟು ಸಲ ಹೇಳಿಲ್ಲ! ತತ್ವಶಾಸ್ತ್ರಜ್ಞರು ಇದನ್ನೇ ಗಂಭೀರವಾಗಿ ಚರ್ಚಿಸಿದ್ದಾರೆ. ಆಕ್ಸ್‌ಫರ್ಡಿನ ಡೆರೆಕ್ ಪಾರ್ಫಿಟ್ ಕೇಳಿದ ಪ್ರಶ್ನೆ ಇದು: ಸಮಾನತೆ ಸ್ವತಃ ಒಳ್ಳೆಯದಾದರೆ, ಕಣ್ಣಿದ್ದವರ ಕಣ್ಣು ತೆಗೆದು ಎಲ್ಲರನ್ನೂ ಕುರುಡರನ್ನಾಗಿಸಿದರೆ ಒಂದು ರೀತಿಯಲ್ಲಾದರೂ ಒಳ್ಳೆಯದಾಯಿತು ಎನ್ನಬೇಕಾಗುತ್ತದೆಯೇ? ಕೆಲವರು ಹೌದು, ಒಂದು ರೀತಿಯಲ್ಲಿ, ಎನ್ನುತ್ತಾರಂತೆ. ನಮಗೆ ಪುಸ್ತಕದ ಉದಾಹರಣೆಗಿಂತ ನಡೆದ ಕಥೆಯೇ ಹೆಚ್ಚು ನಾಟುತ್ತದೆ. ಅದು ನಮ್ಮಂಥ ವಲಸಿಗರದೇ ಕಥೆ.

1980ರ ದಶಕದ ಆರಂಭದಲ್ಲಿ ಇಲ್ಲಿ ನೆಲೆಸಿದ ಗಂಡಸು ಹೆಂಡತಿಯನ್ನು ಕರೆಸುವುದು ಸುಲಭವಿತ್ತು, ನೆಲೆಸಿದ ಹೆಂಗಸು ಗಂಡನನ್ನು ಕರೆಸುವುದು ಕಷ್ಟವಿತ್ತು. ಗಂಡಸು ಬಂದರೆ ಕೆಲಸ ಕಸಿಯುತ್ತಾನೆ ಎಂಬ ತರ್ಕ. ಮೂವರು ಹೆಂಗಸರು, ಅವರಲ್ಲಿ ಅಬ್ದುಲಅಜೀಜ್ ಎಂಬವರು ಮಲಾವಿಯಲ್ಲಿ ಹುಟ್ಟಿದ ಭಾರತೀಯ ಮೂಲದವರು, ಸ್ಟ್ರಾಸ್‌ಬರ್ಗಿನ ಮಾನವ ಹಕ್ಕು ನ್ಯಾಯಾಲಯಕ್ಕೆ ಹೋದರು. 1985ರ ಮೇ 28ರಂದು ಗೆದ್ದರು: ಗಂಡಿಗೊಂದು ಹೆಣ್ಣಿಗೊಂದು ನಿಯಮ ತಪ್ಪು ಎಂದಾಯಿತು. ಸರಕಾರ ತೀರ್ಪನ್ನು ತಲೆಬಾಗಿ ಒಪ್ಪಿ ಸಮಾನತೆಯನ್ನು ತಂದಿತು. ಹೇಗೆ? ಹೆಂಗಸರ ಕಷ್ಟವನ್ನು ಇಳಿಸಲಿಲ್ಲ, ಗಂಡಸರಿಗೂ ಅದೇ ಕಷ್ಟವನ್ನು ಹಂಚಿತು. ಅಲ್ಲಿಂದ ಮುಂದೆ ಹೆಂಡತಿಯನ್ನು ಕರೆಸುವವನಿಗೂ ಮುಖ್ಯ ಉದ್ದೇಶದ ಪ್ರಶ್ನೆ ಬಂತು. ಆ ಮೂವರು ಕೇಳಿದ್ದು ತಮ್ಮ ಗಂಡಂದಿರನ್ನು. ಬೇರೆಯವರ ಹೆಂಡತಿಯರನ್ನು ತಡೆಯಿರಿ ಎಂದಲ್ಲ. ಈ ಕಥೆ ಗೊತ್ತಿದ್ದ ಸಮುದಾಯ ನಮ್ಮದು. ಮೂವತ್ತೊಂದು ವರ್ಷದ ಮೇಲೆ ಅದೇ ಸಮಾನತೆಯನ್ನು ನಾವೇ ಕೇಳಿ ತೆಗೆದುಕೊಂಡೆವು.

2020ರ ಡಿಸೆಂಬರ್ 31ರ ರಾತ್ರಿ ಮುಕ್ತ ಸಂಚಾರ ಮುಗಿಯಿತು. ಮಾರನೆಯ ದಿನದಿಂದ ಹೊಸದಾಗಿ ಬರುವ ಯೂರೋಪಿನವರಿಗೂ ನಮಗೂ ಒಂದೇ ಅಂಕಗಳ ಪದ್ಧತಿ. ಐರ್ಲೆಂಡಿನವರಿಗೆ ಮಾತ್ರ ಹಳೆಯ ಸಲಿಗೆ ಉಳಿಯಿತು. ಸುರೀಂದರ್ ಸಿಂಗ್ ದಾರಿಗೆ 2022ರ ಮಾರ್ಚ್ 29ರಂದು ಬಾಗಿಲು ಬಿತ್ತು. ನ್ಯಾಯವಾಗಿ ಹೇಳಬೇಕೆಂದರೆ, ಆಮೇಲಿನ ಮೂರು ವರ್ಷ ಭಾರತದಿಂದ ಬಹಳ ಜನ ಬಂದರು: ವಿದ್ಯಾರ್ಥಿಗಳು, ದಾದಿಯರು, ಆರೈಕೆಯವರು, ಇಂಜಿನಿಯರುಗಳು. ನಮ್ಮ ಸಂಘದ ಸದಸ್ಯರ ಪಟ್ಟಿಯೇ ಅದಕ್ಕೆ ಸಾಕ್ಷಿ, ದೀಪಾವಳಿಗೆ ದೊಡ್ಡ ಸಭಾಂಗಣ ಹುಡುಕಬೇಕಾಯಿತು. ಮಾತು ನಿಜವಾಯಿತಲ್ಲ ಎಂದು ಕೆಲವರು ಬೀಗಿದರು. ಆದರೆ ಬಂದದ್ದು ಅಪ್ಪಣೆ, ಹಕ್ಕಲ್ಲ. ಅಪ್ಪಣೆಯನ್ನು ಕೊಟ್ಟವರೇ ಹಿಂದಕ್ಕೆ ತೆಗೆದುಕೊಳ್ಳಬಹುದು. 2024ರ ಜನವರಿಯಲ್ಲಿ ಹೆಚ್ಚಿನ ವಿದ್ಯಾರ್ಥಿಗಳಿಗೆ ಸಂಸಾರ ತರುವಂತಿಲ್ಲ ಎಂದಾಯಿತು. ಮಾರ್ಚಿನಲ್ಲಿ ಆರೈಕೆಯವರಿಗೆ. ಏಪ್ರಿಲ್ 11ರಿಂದ ಸಂಗಾತಿಯನ್ನು ಕರೆಸಲು ಬೇಕಾದ ಆದಾಯ 18,600ರಿಂದ 29,000 ಪೌಂಡಿಗೆ ಏರಿತು. ಆ ವರ್ಷ ಹೊರಗಿನಿಂದ ಸಂಗಾತಿಯ ವೀಸಾಕ್ಕೆ ಅರ್ಜಿ ಶುಲ್ಕ 1,846 ಪೌಂಡ್, ಆರೋಗ್ಯ ಸೇವೆಗೆಂದು ವರ್ಷಕ್ಕೆ 1,035 ಬೇರೆ. 2025ರ ಜುಲೈ 22ರಂದು ಆರೈಕೆ ಕೆಲಸಕ್ಕೆ ಹೊರದೇಶದಿಂದ ಹೊಸಬರನ್ನು ಕರೆಸುವುದೇ ನಿಂತಿತು. 1968ರಲ್ಲಿ ಆರು ದೇಶಗಳು ಕಂಡುಕೊಂಡ ಸೂಕ್ಷ್ಮ, ದುಡಿಯುವವನ ಹಿಂದೆ ಒಂದು ಮನೆ ಇರುತ್ತದೆ ಎಂಬುದು, ಇಲ್ಲಿ ಮರೆತುಹೋಯಿತು. ಅದನ್ನು ನೆನಪಿನಲ್ಲಿಟ್ಟಿದ್ದ ಒಂದೇ ಕಾನೂನು ಪಕ್ಕದ ಮನೆಯವರದಾಗಿತ್ತು. ನಾವು ಅದನ್ನು ತೋರಿಸಿ "ಇದು ನಮಗೂ ಬೇಕು" ಎನ್ನಬಹುದಿತ್ತು. ಈಗ ತೋರಿಸಲು ಇಲ್ಲಿ ಅದಿಲ್ಲ. ಜರ್ಮನಿಯಲ್ಲಿ 2024ರ ಮಾರ್ಚ್ 1ರಿಂದ ಮೊದಲ ಬಾರಿಗೆ ಪರವಾನಗಿ ಪಡೆಯುವ ನುರಿತ ಕೆಲಸಗಾರರಿಗೆ ತಂದೆ ತಾಯಿಯನ್ನು ಕರೆಸುವ ಒಂದು ದಾರಿಯನ್ನು ಕಾನೂನಿನಲ್ಲಿ ತೆರೆದಿದ್ದಾರೆ. ಆರೋಗ್ಯ ವಿಮೆಯ ತೊಡಕು ಅಲ್ಲೂ ಇದೆ, ಆದರೂ ದಾರಿ ದಾರಿಯೇ.

ಅಡಿಗೆಮನೆಯ ಆ ತರುಣಿಗೆ ಮೊನ್ನೆ ಫೋನ್ ಮಾಡಿ ಇಷ್ಟನ್ನೂ ಹೇಳಿದೆವು, ನಮ್ಮ ಓಟನ್ನೂ ಸೇರಿಸಿ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗ ನಾನಿನ್ನೂ ಕಾಲೇಜಿನಲ್ಲಿದ್ದೆ" ಎಂದರು. ಮಗಳು ವಿಡಿಯೋದಲ್ಲಿ ಕರೆಯುವ ಹೊತ್ತಾಯಿತೆಂದು ಫೋನ್ ಇಟ್ಟರು.

2016ರ ಜೂನ್ 24ರ ಬೆಳಿಗ್ಗೆ ಪಕ್ಕದ ಮನೆಯಾಕೆ ಬೇಕರಿಯಿಂದ ಬಂದವಳು ಬೇಲಿಯ ಹತ್ತಿರ ನಿಂತು, "ನಿಮಗೆ ಓಟಿತ್ತಲ್ಲವೇ?" ಎಂದು ಕೇಳಿದಳು. ಇತ್ತು ಎಂದೆವು. ಯಾವ ಕಡೆ ಎಂದು ಅವಳು ಕೇಳಲಿಲ್ಲ. ಈ ತನಕವೂ ಕೇಳಿಲ್ಲ. 2019ರಲ್ಲಿ ಇಲ್ಲಿದ್ದ ಯೂರೋಪಿನವರೆಲ್ಲ ತಮ್ಮ ವಾಸಕ್ಕೆ ಅರ್ಜಿ ಹಾಕಬೇಕಾಗಿ ಬಂದಾಗ, ಅದರ ಆ್ಯಪ್ ಮೊದಲ ಕೆಲವು ತಿಂಗಳು ಆಂಡ್ರಾಯ್ಡ್ ಫೋನಿನಲ್ಲಿ ಮಾತ್ರ ನಡೆಯುತ್ತಿತ್ತು. ಅವಳ ಬಳಿ ಇದ್ದದ್ದು ಐಫೋನು. ತಾಯಿಯನ್ನು ಕರೆದುಕೊಂಡು ನಮ್ಮ ಮನೆಗೆ ಬಂದಳು. ಇಬ್ಬರ ಪಾಸ್‌ಪೋರ್ಟುಗಳನ್ನೂ ನಮ್ಮ ಊಟದ ಮೇಜಿನ ಮೇಲೆ, ನಮ್ಮ ಫೋನಿನಲ್ಲೇ ಓದಿಸಿದೆವು. ಮುದುಕಿಯ ಮುಖದ ಚಿತ್ರ ತೆಗೆಯಬೇಕಿತ್ತು. ಅವರಿಗೆ ಕೈ ನಡುಗುತ್ತದೆ. ನಾವೇ ಫೋನ್ ಹಿಡಿದೆವು. ಮುಖ ಚೌಕಟ್ಟಿನೊಳಗೆ ಬರಲು ಮೂರು ಸಲ ಹಿಡಿಯಬೇಕಾಯಿತು.

ನಾವು ಪ್ರತಿ ಡಿಸೆಂಬರಿನಲ್ಲಿ ಊರಿಗೆ ಹೋದಾಗ ಮನೆಯ ಕೀಲಿ ಅವಳ ಹತ್ತಿರವೇ ಇರುತ್ತದೆ. ತುಳಸಿಗೆ ನೀರು ಹಾಕುತ್ತಾಳೆ, ಬಂದ ಅಂಚೆಯನ್ನು ಎತ್ತಿ ಮೆಟ್ಟಿಲ ಮೇಲೆ ಜೋಡಿಸಿಡುತ್ತಾಳೆ. ಈ ವಾರ್ತಾಪತ್ರವೂ ಅದರಲ್ಲಿ ಇರುತ್ತದೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ.